ಹಳೆ ಟಾಟಾ 207 ಪಿಕಪ್ ಗಾಡಿಯ ಹಿಂದಿನ ಕಮಾನ್ ಪ್ಲೇಟ್ (ಲೀಫ್ ಸ್ಪ್ರಿಂಗ್) ಪದೇ ಪದೇ ಕಟ್ ಆಗುವುದಕ್ಕೆ
ಪ್ಲೇಟ್ ಪ್ರತಿ ಸಲವೂ ನಡುವಿನ ತೂತಿನ ಹತ್ತಿರವೇ ಮುರಿಯುತ್ತಿದ್ದರೆ, ಬಹುಶಃ ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲ. ಲೋಡನ್ನು ಸುಮ್ನೆ ಬೈಯಬೇಡಿ.

ಪ್ಲೇಟ್ ಬದಲಿಸುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಹಾಕಿ, ಆಕ್ಸಲ್ ಕೆಳಗೆ ಜಾಕ್ ಇಡಿ. ಬರೀ ಜಾಕ್ ನಂಬಿ ಒಳಗೆ ನುಗ್ಗಬೇಡಿ. ಮೊದಲು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್, ಆಮೇಲೆ ಯು-ಬೋಲ್ಟ್, ಕೊನೆಗೆ ಕಮಾನಿನ ಎರಡು ತುದಿಯ ಪಿನ್ ಬಿಚ್ಚಿ.

ಹೊಸ ಸೆಟ್ ಕೂರಿಸುವಾಗ, ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿಗೆ ಇಳಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಇಲ್ಲದಿದ್ದರೆ ಗಾಡಿ ಓರೆಯಾಗಿ ಓಡುತ್ತದೆ. ಯು-ಬೋಲ್ಟ್ ಹೊಸದೇ ಹಾಕಿ, ಹಳೆಯದು ಎಳೆದುಹೋಗಿರುತ್ತದೆ. ನಾಲ್ಕೂ ನಟ್ಟನ್ನು ಸ್ವಲ್ಪಸ್ವಲ್ಪವೇ, ಅಡ್ಡಡ್ಡ ಬಿಗಿ ಮಾಡಿ. ತುದಿಯ ಪಿನ್‌ಗೆ ರಬ್ಬರ್ ಬುಷ್ ಇದ್ದರೆ ಅದರ ಕೊನೆಯ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. ಇನ್ನೂರು ಕಿ.ಮೀ. ಓಡಿಸಿ ಯು-ಬೋಲ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ.