ಪಾರ್ಕಿನ ನಕ್ಷೆಗೆ ಮೊದಲು ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ

ಪ್ರಶ್ನೆ: ನಮ್ಮ ಶಾಲೆಯ ಎದುರಿಗಿರುವ ಸುಮಾರು ಒಂದು ಎಕರೆಯ ಪಾರ್ಕನ್ನು ನವೀಕರಿಸಲು ಪಾಲಿಕೆ ಮುಂದಾಗಿದೆ. ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಕೂರಲಾಗದಷ್ಟು ಕಾವು. ಒಂಬತ್ತನೇ ತರಗತಿಯ ಮಕ್ಕಳನ್ನು ಈ ಕೆಲಸದಲ್ಲಿ ತೊಡಗಿಸಬೇಕೆಂದಿದ್ದೇನೆ. 'ನನ್ನ ಕನಸಿನ ಉದ್ಯಾನ' ಎಂಬ ಚಿತ್ರಸ್ಪರ್ಧೆಯಿಂದ ಶುರು ಮಾಡಬಹುದೇ?
– ವಿಜ್ಞಾನ ಶಿಕ್ಷಕಿ, ಬೆಂಗಳೂರು

ಉತ್ತರ: ಬೇಡ ಮೇಡಂ. ಚಿತ್ರಸ್ಪರ್ಧೆಯಲ್ಲಿ ಕಾರಂಜಿ, ಚಿಟ್ಟೆ, ಕಾಮನಬಿಲ್ಲು ಬರುತ್ತವೆ. ಬಹುಮಾನ ಹಂಚಿ ಫೋಟೊ ತೆಗೆಸಿಕೊಂಡ ಮೇಲೆ ಗುತ್ತಿಗೆದಾರ ತನ್ನ ಪಾಡಿಗೆ ಇಂಟರ್‌ಲಾಕ್ ಟೈಲ್ಸ್ ಹಾಸಿ ಹೋಗುತ್ತಾನೆ. ಎಂಜಿನಿಯರ್ ಮೇಜಿನ ಮೇಲೆ ಬೆಲೆ ಇರುವುದು ಅಳೆದು ತಂದ ಅಂಕಿಗೆ. ಅದನ್ನು ತರಲು ನಿಮ್ಮ ಮಕ್ಕಳಿಗೆ ಚೆನ್ನಾಗಿ ಬರುತ್ತದೆ.

ನೀರಿನಿಂದ ಶುರು ಮಾಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದೇ ಸಂಜೆ 50 ಮಿ.ಮೀ. ಸುರಿದರೆ ಎರಡು ಲಕ್ಷ ಲೀಟರಿಗೂ ಹೆಚ್ಚು, ಅಂದರೆ 6,000 ಲೀಟರಿನ 33ಕ್ಕೂ ಹೆಚ್ಚು ಟ್ಯಾಂಕರ್! 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದ ಮನೆಗಳ ಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ನೀರನ್ನು ಪಾರ್ಕಿನ ಮಣ್ಣು ಕುಡಿಯುತ್ತದೆಯೇ? ಒಂದಡಿ ಉದ್ದದ, ಅಂಗೈ ಅಗಲದ ಪಿವಿಸಿ ಪೈಪಿನ ತುಂಡನ್ನು ಎರಡು ಅಂಗುಲ ಮಣ್ಣಿಗಿಳಿಸಿ. ಒಮ್ಮೆ ನೀರು ಹಾಕಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಮಿ.ಮೀ. ಇಳಿಯಿತು ಎಂದು ಸ್ಕೇಲಿನಿಂದ ನೋಡಿ. ಮರದಡಿ, ಹುಲ್ಲುಹಾಸಿನಲ್ಲಿ, ಜನ ತುಳಿದು ಗಟ್ಟಿಯಾದ ಕಾಲುದಾರಿಯಲ್ಲಿ ಇದನ್ನೇ ಮಾಡಿದರೆ ಒಂದೇ ಪಾರ್ಕಿನಲ್ಲಿ ಎಷ್ಟು ಬಗೆಯ ನೆಲವಿದೆ ಎಂಬುದು ತಿಳಿಯುತ್ತದೆ. ನಮ್ಮ ಕೆಮ್ಮಣ್ಣು ಸಡಿಲವಾಗಿದ್ದರೆ ನೀರನ್ನು ಚೆನ್ನಾಗಿಯೇ ಇಂಗಿಸುತ್ತದೆ. ಪೈಪ್ ಇಳಿಯದೆ ಇಟ್ಟಿಗೆ ಚೂರು ತಗುಲಿದರೆ, ಹಳೆಯ ಕಟ್ಟಡದ ಅವಶೇಷದ ಮೇಲೆ ಹುಲ್ಲು ಬೆಳೆಸಿದ್ದಾರೆ ಎಂದು ಬರೆದುಕೊಳ್ಳಿ. ಮಳೆ ನಿಂತ ಕೂಡಲೇ, ಗಂಟೆಯ ನಂತರ, ಮರುದಿನ ಬೆಳಿಗ್ಗೆ, ನಿಂತ ನೀರಿನ ಅಂಚನ್ನು ಸುಣ್ಣದಿಂದ ಗುರುತಿಸಿ ನಕ್ಷೆಗಿಳಿಸಲಿ. ಇಂಗುಗುಂಡಿ ಎಲ್ಲಿರಬೇಕು ಎಂಬುದನ್ನು ಆ ಗೆರೆಗಳೇ ಹೇಳುತ್ತವೆ. ಪಾರ್ಕಿನ ಅತಿ ಎತ್ತರದ ಮೂಲೆಯಲ್ಲಿ ತೋಡಿದ ಇಂಗುಗುಂಡಿಯನ್ನು ನಾನು ನೋಡಿದ್ದೇನೆ. ಗೇಟಿಗೆ ಹತ್ತಿರ ಎಂಬುದಷ್ಟೇ ಅದಕ್ಕಿದ್ದ ಕಾರಣ.

ಕಾವು ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಆದರೆ ಕೊರೊನಾ ಕಾಲದಲ್ಲಿ ಶಾಲೆಗೆ ತಂದ, ಹಣೆಗೆ ಹಿಡಿಯುವ ಉಪಕರಣ ಬೇಡ. ಅದು ಸಾಮಾನ್ಯವಾಗಿ ಜ್ವರದ ಮಟ್ಟದ ಆಚೆ ಓದುವುದಿಲ್ಲ. ವರ್ಕ್‌ಶಾಪಿನವರು ಬಳಸುವಂಥದ್ದು ತನ್ನಿ. ಮಧ್ಯಾಹ್ನ ಎರಡಕ್ಕೆ ಗ್ರಾನೈಟ್ ಬೆಂಚು, ಟೈಲ್ಸ್, ಜಾರುಬಂಡಿ, ಹುಲ್ಲು, ಹೊಂಗೆಯ ನೆರಳು ಇವುಗಳ ಬಿಸಿಯನ್ನು ಒಂದರ ಹಿಂದೊಂದು ಅಳೆದರೆ ಟೈಲ್ಸ್ ಪರ ವಾದ ಅಲ್ಲಿಗೇ ಸೋಲುತ್ತದೆ. ಮಕ್ಕಳನ್ನು ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡಿ. ಆ ಹೊತ್ತಿಗೆ ಪಾರ್ಕಿಗೆ ಬೀಗ ಬೀಳುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ.

ಇದೆಲ್ಲ ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ ಆಗಬೇಕು. ಟೆಂಡರ್ ಕರೆದ ಮೇಲೆ ಮಕ್ಕಳ ಮಾತಿಗೆ ಚಪ್ಪಾಳೆ ಸಿಗುತ್ತದೆಯೇ ಹೊರತು ಜಾಗ ಸಿಗುವುದಿಲ್ಲ. ಹಾಗಾಗಿ ಈಗಲೇ ಎಂಜಿನಿಯರ್ ಅವರನ್ನು ಭೇಟಿ ಮಾಡಿ, ಯಾವ ಒಂದು ತೀರ್ಮಾನವನ್ನು ಮಕ್ಕಳಿಗೆ ಬಿಡುತ್ತೀರಿ ಎಂದು ಕೇಳಿ. ಎಷ್ಟು ಟೈಲ್ಸ್ ಕೀಳಬೇಕು, ಬೆಂಚುಗಳು ಯಾವ ನೆರಳಿಗೆ ಹೋಗಬೇಕು, ಇಂಥದ್ದೊಂದು. ಕೇಬಲ್, ಒಳಚರಂಡಿ, ಹೆಚ್ಚುವರಿ ನೀರು ರಾಜಕಾಲುವೆಗೆ ಸೇರುವ ಮಟ್ಟ ಅವರಿಗೇ ಇರಲಿ. ಪ್ಯಾರಿಸ್ ನಗರದ 'ಒಯಾಸಿಸ್' ಯೋಜನೆಯಲ್ಲಿ ಶಾಲಾ ಅಂಗಳಗಳ ಡಾಂಬರು ಕಿತ್ತು ಮರ, ಮಣ್ಣು ತರುವಾಗ ಆಯಾ ಶಾಲೆಯ ಮಕ್ಕಳನ್ನೂ ವಿನ್ಯಾಸಕ್ಕೆ ಕೂರಿಸಿಕೊಂಡರು. ಇಲ್ಲಿ ಆಗಬಾರದು ಎಂದೇನಿಲ್ಲ.

ತಗ್ಗು ಹೂದೋಟದಲ್ಲಿ ನೀರು ಇಂಗಿಸುತ್ತೇವೆ ಎಂದ ಕೂಡಲೇ ಬಡಾವಣೆಯ ಹಿರಿಯರು ಸೊಳ್ಳೆಯ ಮಾತೆತ್ತುತ್ತಾರೆ. ತಪ್ಪೇನಿಲ್ಲ, ಡೆಂಗಿ ಕಂಡವರು. ಮೊಟ್ಟೆಯಿಂದ ಹೊರಬಂದ ಸೊಳ್ಳೆಮರಿ ರೆಕ್ಕೆ ಬಲಿತು ಹಾರಲು ಹೆಚ್ಚುಕಡಿಮೆ ಒಂದು ವಾರ ಬೇಕು. ಎರಡು ದಿನದೊಳಗೆ ನೀರು ಇಂಗಿದರೆ ಆ ಭಯವಿಲ್ಲ. ಪೈಪಿನ ಪರೀಕ್ಷೆಯ ಅಂಕಿ ಹಿಡಿದು ಮಕ್ಕಳೇ ಉತ್ತರ ಕೊಡಲಿ.

ಪ್ರಶ್ನೆ: ನಮ್ಮ ಪಾರ್ಕಿನ ಆಟದ ಜಾಗದಲ್ಲಿ ಗುಲ್‌ಮೊಹರ್ ನೆಡಬೇಕೆಂದು ನನ್ನ ಆಸೆ. ಬೇಗ ಬೆಳೆಯುತ್ತದೆ, ಹೂವೂ ಚೆಂದ. ಸರಿಯೇ?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಮೈಸೂರು

ಉತ್ತರ: ಹೂವಿನ ವಿಷಯದಲ್ಲಿ ನಿನ್ನ ಜೊತೆ ಜಗಳವಿಲ್ಲ. ಆದರೆ ಮಡಗಾಸ್ಕರ್ ಮೂಲದ ಈ ಮರದ ಕೊಂಬೆಗಳು ಪೆಡಸು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುತ್ತವೆ. ಉಯ್ಯಾಲೆಯ ಮೇಲೆ ಅದು ಬೇಡ, ಯಾರೂ ಕೂರದ ಮೂಲೆಯಲ್ಲಿ ಒಂದಿರಲಿ. ಆಟದ ಜಾಗಕ್ಕೆ ಹೊಂಗೆ ನೆಡು. ಯುಗಾದಿಯ ಹೊತ್ತಿಗೆ ಚಿಗುರಿ, ಬಿಸಿಲು ಏರುವಾಗ ದಟ್ಟ ನೆರಳು ಕೊಡುತ್ತದೆ. ನೀರು ನಿಲ್ಲುವ ತಗ್ಗಿಗೆ ಹೊಳೆಮತ್ತಿ ಅಥವಾ ನೇರಳೆ ಆಗುತ್ತದೆ. ಇರುವ ಮರ ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಪಡೆದಿದ್ದಾರೆಯೇ ಎಂದು ನಿಮ್ಮ ಶಿಕ್ಷಕರ ಮೂಲಕ ಕೇಳಿಸು.

ಮಳೆಗಾಲದ ಆರಂಭದಲ್ಲಿ ನೆಟ್ಟು, ಮುಂದಿನ ಎರಡು ಬೇಸಿಗೆ ಯಾರು ನೀರು ಹಾಕುತ್ತಾರೆ ಎಂಬ ಪಟ್ಟಿಯನ್ನು ಅವತ್ತೇ ಬರೆಯಿರಿ. ನೀನು ಅಷ್ಟರಲ್ಲಿ ಹತ್ತನೇ ತರಗತಿ ಮುಗಿಸಿ ಹೋಗಿರುತ್ತೀಯ, ಪಟ್ಟಿಯಲ್ಲಿ ಎಂಟನೇ ತರಗತಿಯವರೇ ಹೆಚ್ಚಿರಲಿ.