ಓದಿನ ಸಾಲ ಇರುವಾಗ ಪ್ರೀಮಿಯಂ ಬಾಂಡ್‌ನಲ್ಲಿ ದುಡ್ಡು ಇಡಬಹುದಾ?

ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. ಮ್ಯಾಂಚೆಸ್ಟರ್‌ನಲ್ಲಿ ಕೆಲಸ, ಕೈಯಲ್ಲಿ 8,000 ಪೌಂಡ್ ಉಳಿತಾಯ, ಗೆಳೆಯರೆಲ್ಲ ಪ್ರೀಮಿಯಂ ಬಾಂಡ್ (ಬಡ್ಡಿಯ ಬದಲು ತಿಂಗಳು ತಿಂಗಳೂ ನಂಬರ್ ಎತ್ತಿ ಬಹುಮಾನ ಕೊಡೋ ಉಳಿತಾಯ) ತಗೋ ಅಂತಿದ್ದಾರೆ, ಅದು ಒಳ್ಳೆಯದೋ ಉಳಿತಾಯ ಖಾತೆ ಒಳ್ಳೆಯದೋ ಅಂತ ಕೇಳಿದ್ದೀರಿ, ಅದೆಲ್ಲ ಸರಿ. ಆದರೆ ಕೊನೆಗೆ "ಓದಿನ ಸಾಲ ಊರಲ್ಲಿ ನಡೀತಾ ಇದೆ, ಅದನ್ನು ಅಪ್ಪ ನೋಡಿಕೊಳ್ಳುತ್ತಿದ್ದಾರೆ" ಅಂತ ಸೇರಿಸಿದ್ದೀರಲ್ಲ. 2018ರಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಇದೇ ಮಾತು ಹೇಳುತ್ತಿದ್ದೆ. ಮೊತ್ತವೂ ಅದೇ, 8,000.

ನನ್ನದು ರಾಣೆಬೆನ್ನೂರು ಕಡೆ ಊರು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ನನ್ನ ಎಂಎಸ್ಸಿಗೆ ಅಂತ ಮನೆ ಪತ್ರ ಬ್ಯಾಂಕಿನಲ್ಲಿಟ್ಟು 16 ಲಕ್ಷ ಸಾಲ ತೆಗೆದರು. ಬಡ್ಡಿ ನೂರಕ್ಕೆ 11.5. ನಾನು 2015ರಲ್ಲಿ ಲೀಡ್ಸ್‌ಗೆ ಬಂದೆ, ಓದು ಮುಗಿಸಿದೆ, 2017ರಲ್ಲಿ ಕೆಲಸ ಸಿಕ್ಕಿತು. ನಾಲ್ಕು ಜನ ಸೇರಿ ಒಂದು ಮನೆ ಮಾಡಿಕೊಂಡಿದ್ದೆವು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ. ಹೀಗೆ ಒಂದು ವರ್ಷದಲ್ಲಿ 8,000 ಪೌಂಡ್ ಉಳಿಸಿದೆ.

ಸಾಲದ ಕಂತು 2018ರ ಜನವರಿಯಲ್ಲಿ ಶುರುವಾಯಿತು. ತಿಂಗಳಿಗೆ 22,495 ರೂಪಾಯಿ, ಹತ್ತು ವರ್ಷ. ಅಪ್ಪನಿಗೆ ಫೋನ್ ಮಾಡಿದಾಗ "ನೀ ಎಷ್ಟ ಆಗ್ತದೋ ಅಷ್ಟ ಕಳಸು ತಮ್ಮಾ, ಉಳಿದದ್ದು ನಾ ನೋಡ್ಕೋತೀನಿ. ಮೊದಲ ಅಲ್ಲಿ ಕಾಲೂರು" ಅಂದರು. ನಾನು ತಿಂಗಳಿಗೆ 150 ಪೌಂಡ್ ಕಳಿಸತೊಡಗಿದೆ. ಆಗ ಅದು ಸುಮಾರು 13,500 ರೂಪಾಯಿ. ಮಿಕ್ಕ 9,000 ಅಪ್ಪನ ಪಿಂಚಣಿಯಿಂದ ಹೋಗುತ್ತಿತ್ತು. ಅದೇ ತಿಂಗಳು ಆ 8,000 ಪೌಂಡನ್ನು ನಾನು ಪ್ರೀಮಿಯಂ ಬಾಂಡಿಗೆ ಹಾಕಿದೆ.

ಯಾಕೆ ಹಾಕಿದೆ ಅಂದರೆ, ನಿಮ್ಮ ಗೆಳೆಯರು ಹೇಳಿದ ಕಾರಣಗಳೇ. ಅವು ಸುಳ್ಳಲ್ಲ. ಇದು ಬ್ರಿಟನ್ ಸರ್ಕಾರದ್ದೇ ಯೋಜನೆ. 1956ರ ಬಜೆಟ್‌ನಲ್ಲಿ ಹೆರಾಲ್ಡ್ ಮ್ಯಾಕ್‌ಮಿಲನ್ ಘೋಷಿಸಿದ್ದು, ಮೊದಲ ಡ್ರಾ ಆಗಿದ್ದು 1957ರ ಜೂನ್ 1ರಂದು. ನಂಬರ್ ಎತ್ತೋ ಯಂತ್ರಕ್ಕೆ ಅರ್ನಿ ಅಂತ ಹೆಸರು. ಅದನ್ನು ಮೊದಲು ಕಟ್ಟಿದವರು ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದ ಎಂಜಿನಿಯರುಗಳು, ಎರಡನೇ ಮಹಾಯುದ್ಧದಲ್ಲಿ ಗೂಢಲಿಪಿ ಒಡೆಯಲು ಕೊಲೊಸಸ್ ಯಂತ್ರ ಮಾಡಿಕೊಟ್ಟ ತಂಡದವರು. ನಾನು ಇದನ್ನೆಲ್ಲ ಓದಿ ಬಹಳ ಖುಷಿಪಟ್ಟಿದ್ದೆ. ಒಂದು ಪೌಂಡಿಗೆ ಒಂದು ನಂಬರ್, ಒಬ್ಬರಿಗೆ 50,000 ಪೌಂಡ್‌ವರೆಗೆ. ಅಸಲು ಎಲ್ಲಿಗೂ ಹೋಗಲ್ಲ, ಬೇಕೆಂದಾಗ ವಾಪಸ್ ತೆಗೆಯಬಹುದು. ಬಹುಮಾನಕ್ಕೆ ಇಲ್ಲಿ ತೆರಿಗೆ ಇಲ್ಲ. ತಿಂಗಳಿಗೆ ಇಬ್ಬರಿಗೆ ಹತ್ತತ್ತು ಲಕ್ಷ ಪೌಂಡ್.

ನಮ್ಮವರಿಗೆ ಅರ್ಥ ಆಗೋ ಹಾಗೆ ಹೇಳಬೇಕೆಂದರೆ, ಎಲ್ಲರ ಬಡ್ಡಿಯನ್ನೂ ಒಂದು ಡಬ್ಬಿಗೆ ಹಾಕಿ ಚೀಟಿ ಎತ್ತುತ್ತಾರೆ. ಅಸಲು ನಿಮ್ಮದೇ, ಬಡ್ಡಿ ಮಾತ್ರ ಚೀಟಿ ಬಂದವರಿಗೆ. "ಪ್ರೈಜ್ ಫಂಡ್ ರೇಟ್ ಇಷ್ಟು" ಅಂತ ಹಾಕಿರುತ್ತಾರಲ್ಲ, ಅದು ಆ ಡಬ್ಬಿಗೆ ವರ್ಷಕ್ಕೆ ಬೀಳೋ ಸರಾಸರಿ ಬಡ್ಡಿಯ ಲೆಕ್ಕ. ನನ್ನ ಕಾಲದಲ್ಲಿ ನೂರಕ್ಕೆ 1.4 ಇತ್ತು. 2023ರ ಸೆಪ್ಟೆಂಬರ್‌ನಲ್ಲಿ 4.65ಕ್ಕೆ ಏರಿತು, ಆಮೇಲೆ ಇಳಿಯುತ್ತಾ 2025ರ ಆಗಸ್ಟ್‌ನಲ್ಲಿ 3.6ಕ್ಕೆ ಬಂತು. ಹತ್ತು ಲಕ್ಷದ ಬಹುಮಾನವೂ ಆ ಸರಾಸರಿಯೊಳಗೇ ಸೇರಿರುತ್ತೆ. ಹಾಗಾಗಿ ದೊಡ್ಡ ಬಹುಮಾನ ಬರದ ನಮ್ಮಂಥ ಬಹುತೇಕರಿಗೆ ಸಿಗೋದು ಅದಕ್ಕಿಂತ ಕಮ್ಮಿ. 2025ರಲ್ಲಿ ಒಂದು ನಂಬರಿಗೆ ತಿಂಗಳಲ್ಲಿ ಏನಾದರೂ ಬರೋ ಸಾಧ್ಯತೆ 22,000ಕ್ಕೆ ಒಂದು. ಆ ಲೆಕ್ಕದಲ್ಲಿ ಸಾವಿರ ಪೌಂಡ್ ಇಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇಡೀ ವರ್ಷ ಒಂದೂ ಬರಲ್ಲ.

ಈಗ ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ಬಾಂಡ್ ತಗೊಂಡದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ 8,000 ಪೌಂಡನ್ನು "ನನ್ನ ಉಳಿತಾಯ" ಅಂತಲೂ ಆ 16 ಲಕ್ಷವನ್ನು "ಊರಿನ ಸಾಲ" ಅಂತಲೂ ತಲೆಯಲ್ಲಿ ಬೇರೆ ಬೇರೆ ಇಟ್ಟೆನಲ್ಲ, ತಪ್ಪು ಅದು. ಒಂದು ಇದ್ದದ್ದು ಪೌಂಡಿನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಒಂದು ನನ್ನ ಫೋನಿನಲ್ಲಿ ಕಾಣುತ್ತೆ, ಇನ್ನೊಂದು ಅಪ್ಪನ ಪಾಸ್‌ಬುಕ್‌ನಲ್ಲಿ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡೋಣ ಅಂತ ಎರಡು ವರ್ಷ ನನಗೆ ಹೊಳೆಯಲೇ ಇಲ್ಲ.

ಬರೆದಿದ್ದರೆ ಏನು ಕಾಣುತ್ತಿತ್ತು ನೋಡಿ. 16 ಲಕ್ಷಕ್ಕೆ 11.5ರ ಹಾಗೆ ಒಂದು ತಿಂಗಳ ಬಡ್ಡಿ 15,333. ಕಂತು 22,495. ಅಂದರೆ ಮೊದಲ ಕಂತಿನಲ್ಲಿ ಅಸಲಿಗೆ ಹೋಗಿದ್ದು ಏಳು ಸಾವಿರ ಚಿಲ್ಲರೆ ಅಷ್ಟೇ. ನಾನು ಕಳಿಸುತ್ತಿದ್ದ 13,500 ಬಡ್ಡಿಗೇ ಸಾಲುತ್ತಿರಲಿಲ್ಲ. ಅಸಲು ಇಳಿಸುತ್ತಿದ್ದದ್ದು ಪೂರ್ತಿ ಅಪ್ಪನ ದುಡ್ಡು. ಇತ್ತ 8,000 ಪೌಂಡ್ ಅಂದರೆ ಆಗಿನ ಲೆಕ್ಕದಲ್ಲಿ 7 ಲಕ್ಷ 20 ಸಾವಿರ ರೂಪಾಯಿ. ಅದನ್ನು ಅವತ್ತೇ ಸಾಲಕ್ಕೆ ಮುಂಗಡ ಕಟ್ಟಿದ್ದರೆ ತಿಂಗಳಿಗೆ 6,900 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಮುಂಗಡ ಕಟ್ಟಿದರೆ ನನ್ನ ಸಾಲಕ್ಕೆ ದಂಡವೂ ಇರಲಿಲ್ಲ. ನನ್ನ ಬಾಂಡಿನಿಂದ ಬಂದದ್ದೆಷ್ಟು? 24 ಡ್ರಾಗಳಲ್ಲಿ ಎಂಟು ಬಹುಮಾನ. ಎಂಟೂ 25 ಪೌಂಡಿನವೇ. ಒಟ್ಟು 200 ಪೌಂಡ್, 18,000 ರೂಪಾಯಿ. ಮೂರು ತಿಂಗಳಿಗೊಮ್ಮೆ 2,250 ಬರುತ್ತಿತ್ತು, ತಿಂಗಳು ತಿಂಗಳೂ 6,900 ಹೋಗುತ್ತಿತ್ತು. ಎರಡು ವರ್ಷಕ್ಕೆ 1,65,600 ಹೋಯಿತು, 18,000 ಬಂತು. ನನಗೆ ಅದೃಷ್ಟ ಕೈಕೊಟ್ಟಿತು ಅಂದುಕೊಳ್ಳಬೇಡಿ. ಆಗಿನ ಸಾಧ್ಯತೆ 24,500ಕ್ಕೆ ಒಂದು. ಲೆಕ್ಕದ ಪ್ರಕಾರ ಎಂಟೇ ಬರಬೇಕಿತ್ತು, ಎಂಟೇ ಬಂತು.

ಇದು ಕಾಣದೆ ಹೋದದ್ದಕ್ಕೆ ಆ 25 ಪೌಂಡೇ ಕಾರಣ ಅಂತ ನನಗೆ ಈಗಲೂ ಅನಿಸುತ್ತೆ. ತಿಂಗಳ ಮೊದಲ ವಾರ ಬಂತೆಂದರೆ ಬಸ್ಸಿನಲ್ಲಿ ಕೂತು ಆ್ಯಪ್ ತೆಗೆಯುತ್ತಿದ್ದೆ. ಬಂದಿದ್ದರೆ ಇಡೀ ದಿನ ಮನಸ್ಸು ಹಗುರ. ಬರದಿದ್ದರೆ ಮುಂದಿನ ತಿಂಗಳು. ಬ್ಯಾಂಕಿನ ಬಡ್ಡಿ ಯಾರಿಗೂ ಹೀಗೆ ಕಾಯೋ ಅಭ್ಯಾಸ ಮಾಡಿಸಲ್ಲ. ಬಂದ 25ನ್ನೂ ಮತ್ತೆ ಬಾಂಡಿಗೇ ಹಾಕು ಅಂತ ಒತ್ತುತ್ತಿದ್ದೆ. ನನ್ನ ದುಡ್ಡು ದುಡಿಯುತ್ತಿದೆ ಅಂತ ನಂಬಿದ್ದೆ. ಸಾಲದ ಬಡ್ಡಿ ನನ್ನ ಫೋನಿಗೆ ಬರುತ್ತಿರಲಿಲ್ಲ. ಅದು ರಾಣೆಬೆನ್ನೂರಿನ ಪಾಸ್‌ಬುಕ್‌ನಲ್ಲಿ ಸುಮ್ನೆ ಮುದ್ರಣ ಆಗುತ್ತಿತ್ತು.

2020ರ ಜನವರಿಯಲ್ಲಿ ರಜೆ ಹಾಕಿ ಊರಿಗೆ ಹೋದೆ. ಸಂಜೆ ಐದೂವರೆ ಇರಬೇಕು. ಬಾಗಿಲ ಮುಂದೆ ಚಿಕ್ಕ ಚಿಕ್ಕ ಚಪ್ಪಲಿಗಳು, ಹನ್ನೊಂದು ಜೊತೆ. ಯಾರೋ ನೆಂಟರ ಮಕ್ಕಳು ಬಂದಿದ್ದಾರೆ ಅಂದುಕೊಂಡೆ. ಒಳಗೆ ಪಡಸಾಲೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತು ಮಗ್ಗಿ ಹೇಳಿಸುತ್ತಿದ್ದರು. 67 ವಯಸ್ಸು. ಸೇವೆಯಲ್ಲಿದ್ದಾಗ ಒಂದು ದಿನ ಟ್ಯೂಷನ್ ಮಾಡಿದವರಲ್ಲ. ಶಾಲೆಯಲ್ಲಿ ಕಲಿಸಿದ್ದು ಸಾಲದೆ ಮನೆಯಲ್ಲಿ ದುಡ್ಡಿಗೆ ಕಲಿಸೋದು ತಪ್ಪು ಅಂತ ನಮ್ಮೆದುರೇ ಎಷ್ಟೋ ಸಲ ಹೇಳಿದವರು. ಅವ್ವ ಚಹಾ ಕೊಡುತ್ತಾ "ಹೊತ್ತು ಹೋಗ್ಲಿ ಅಂತ ಮಾಡ್ತಾರ" ಅಂದಳು.

ಮರುದಿನ ಬೀರುವಿನಲ್ಲಿ ಏನೋ ಹುಡುಕುವಾಗ ಅಪ್ಪನ ಡೈರಿ ಸಿಕ್ಕಿತು. ಪ್ರತಿ ತಿಂಗಳು ಒಂದು ಪುಟ. ಮೇಲೆ "ತಮ್ಮ ಕಳಿಸಿದ್ದು", ಅದರ ಕೆಳಗೆ "ಪಿಂಚಣಿಯಿಂದ". ಕಳೆದ ಐದು ತಿಂಗಳಿಂದ ಮೂರನೇ ಸಾಲು ಸೇರಿತ್ತು, "ಟ್ಯೂಷನ್ – 3,300". ಒಬ್ಬ ಹುಡುಗನಿಗೆ 300ರಂತೆ. ಕೆಳಗೆ ಗೆರೆ ಎಳೆದು 22,495, ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಒಂದು ಸರಿ ಗುರುತು, ಮಕ್ಕಳ ನೋಟ್‌ಬುಕ್‌ಗೆ ಹಾಕುತ್ತಿದ್ದರಲ್ಲ, ಅದೇ. ಇಪ್ಪತ್ನಾಲ್ಕು ಪುಟ, ಇಪ್ಪತ್ನಾಲ್ಕು ಗುರುತು.

ಬ್ಯಾಂಕಿಗೆ ಹೋಗಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿದೆ. ಎರಡು ವರ್ಷದಲ್ಲಿ ಕಟ್ಟಿದ್ದು ಹತ್ತಿರ ಹತ್ತಿರ 5 ಲಕ್ಷ 40 ಸಾವಿರ. ಅಸಲು ಇಳಿದದ್ದು 2 ಲಕ್ಷಕ್ಕೂ ಕಮ್ಮಿ. ಇನ್ನೂ 14 ಲಕ್ಷ ಚಿಲ್ಲರೆ ಬಾಕಿ. ಆ ಹಾಳೆ ಹಿಡಿದುಕೊಂಡು ಬ್ಯಾಂಕಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಅಪ್ಪನಿಗೆ ನನ್ನ 8,000 ಪೌಂಡಿನ ವಿಷಯ ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲ. ಬಚ್ಚಿಡಬೇಕು ಅಂತಲ್ಲ, ಆ ಮಾತೇ ಬಂದಿರಲಿಲ್ಲ. ಅವತ್ತು ರಾತ್ರಿ ಹೇಳಿದೆ. ಅವರು ಬೈಯಲಿಲ್ಲ. "ಬಡ್ಡಿ ಎಷ್ಟ ಬರ್ತಿತ್ತು ಅದಕ್ಕ?" ಅಂತ ಕೇಳಿದರು. ಹೇಳಿದೆ. "ಹಂಗಾರ ಇಲ್ಲಿ ಕಟ್ಟೋದ ಚಲೋ ಇತ್ತು" ಅಂದರು. ಅಷ್ಟೇ.

ಫೆಬ್ರವರಿ ಡ್ರಾ ಆದ ಮೇಲೆ ಎಲ್ಲ ತೆಗೆದು ಕಳಿಸಿದೆ. ತಿಂಗಳಿಗೆ 150ರ ಬದಲು 450 ಪೌಂಡ್ ಕಳಿಸಿದೆ. 2021ರ ಕೊನೆಗೆ ಸಾಲ ತೀರಿತು, ಮನೆ ಪತ್ರ ವಾಪಸ್ ಬಂತು. ಹತ್ತು ವರ್ಷದ ಸಾಲ ನಾಲ್ಕರಲ್ಲಿ ಮುಗಿಯಿತು. ಅದು ಇನ್ನೂ ಬೇಗ ಮುಗಿಯಬಹುದಿತ್ತು.

ಹಾಗಾಗಿ ಪ್ರೀಮಿಯಂ ಬಾಂಡ್ ಒಳ್ಳೆಯದೋ ಉಳಿತಾಯ ಖಾತೆ ಒಳ್ಳೆಯದೋ ಅನ್ನೋ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಆ ಪ್ರಶ್ನೆ ಕೇಳೋ ಸ್ಥಿತಿಯಲ್ಲಿ ನೀವಿನ್ನೂ ಇಲ್ಲ. ಹತ್ತೋ ಹನ್ನೊಂದೋ ಪರ್ಸೆಂಟ್ ಬಡ್ಡಿಯ ಸಾಲ ಇರುವವರೆಗೆ ನಿಮ್ಮ ಹತ್ತಿರ ಉಳಿತಾಯ ಅಂತ ಏನೂ ಇಲ್ಲ. ಕಟ್ಟದೆ ಇಟ್ಟುಕೊಂಡ ಸಾಲದ ದುಡ್ಡಿದೆ, ಅಷ್ಟೇ. ಕಟುವಾಯಿತು, ಗೊತ್ತು. ನನಗೆ 2018ರಲ್ಲಿ ಯಾರಾದರೂ ಹೀಗೆ ಹೇಳಬೇಕಿತ್ತು.

ಪೌಂಡ್ ಏರಲಿ, ಆಮೇಲೆ ಕಳಿಸೋಣ ಅಂತ ಯಾರಾದರೂ ಹೇಳಬಹುದು. ಆ ಮಾತನ್ನೂ ನಾನು ನಂಬಿದ್ದೆ. ಬಾಂಡಿಗೆ ಹಾಕುವಾಗಲೂ ತೆಗೆಯುವಾಗಲೂ ಪೌಂಡ್ 90 ರೂಪಾಯಿಯ ಆಸುಪಾಸಿನಲ್ಲೇ ಇತ್ತು. ಆಮೇಲೆ ಏರಿತು, ನಿಜ. ಆದರೆ ಅಪ್ಪನ ಮನೆ ಪತ್ರ ಬ್ಯಾಂಕಿನಲ್ಲಿಟ್ಟು, ಅವರ ಪಿಂಚಣಿಯಲ್ಲಿ ಬಡ್ಡಿ ಕಟ್ಟಿಸಿ, ನಾವಿಲ್ಲಿ ಕೂತು ದರ ಏರೋದನ್ನು ಕಾಯೋದು ನನಗೆ ಸರಿ ಕಾಣಲ್ಲ.

ಎಲ್ಲವನ್ನೂ ಬಳಿದು ಕಳಿಸಿ ಅಂತಲೂ ಅಲ್ಲ. ನೀವು ಗ್ರಾಜುಯೇಟ್ ವೀಸಾದಲ್ಲಿದ್ದೀನಿ (ಓದು ಮುಗಿದ ಮೇಲೆ ಸ್ವಲ್ಪ ಕಾಲ ಇಲ್ಲಿ ಕೆಲಸ ಮಾಡಲು ಕೊಡೋದು) ಅಂದಿದ್ದೀರಿ. ಮುಂದಿನ ವೀಸಾಗೆ ಅರ್ಜಿ ಹಾಕುವಾಗ ಆರೋಗ್ಯ ಸರ್ಚಾರ್ಜ್ (ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟೋ ಶುಲ್ಕ) ಒಂದೇ ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ್ದಾದರೆ ಮೂರು ಪಟ್ಟು, ಒಟ್ಟಿಗೇ ಕಟ್ಟಬೇಕು. ಕಂಪನಿ ಕೊಡುತ್ತಾ ಅಂತ ಈಗಲೇ ಕೇಳಿ. ಕೊಡಲ್ಲ ಅಂದರೆ ಅಷ್ಟನ್ನೂ ಎರಡು ಮೂರು ತಿಂಗಳ ಖರ್ಚನ್ನೂ ಯಾವಾಗ ಬೇಕಾದರೂ ತೆಗೆಯಬಹುದಾದ ಸಾದಾ ಉಳಿತಾಯ ಖಾತೆಯಲ್ಲಿಡಿ. ಅದನ್ನೂ ಬಾಂಡಿನಲ್ಲಿ ಇಡಬೇಡಿ. ನಿಮ್ಮ ತೆರಿಗೆ ಹಂತದಲ್ಲಿ ವರ್ಷಕ್ಕೆ 1,000 ಪೌಂಡ್ ಬಡ್ಡಿಯವರೆಗೆ ಹೇಗೂ ತೆರಿಗೆ ಇಲ್ಲ. ಬಾಂಡಿನ "ತೆರಿಗೆ ಇಲ್ಲ" ಅನ್ನೋ ಆಕರ್ಷಣೆ ನಿಮಗೆ ಲೆಕ್ಕಕ್ಕೇ ಬರಲ್ಲ. ಐಸಾ ಅನ್ನೋ ತೆರಿಗೆ ಇಲ್ಲದ ಉಳಿತಾಯ ಖಾತೆಯ ವರ್ಷಕ್ಕೆ 20,000 ಪೌಂಡಿನ ಮಿತಿಯೂ ತುಂಬಿ, ದೊಡ್ಡ ಸಂಬಳಕ್ಕೆ 40, 45 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಅದು ಸರಿಹೋಗಬಹುದು. ಊರಿಗೆ ಮರಳೋ ಯೋಚನೆ ಇದ್ದರೆ ಇನ್ನೊಂದು ಮಾತು. ಆ ವಿನಾಯಿತಿ ಬ್ರಿಟನ್ನಿನದು, ಭಾರತದಲ್ಲಿ ನೆಲೆಸಿ ತೆರಿಗೆ ಕಟ್ಟಲು ಶುರು ಮಾಡಿದ ಮೇಲೆ ಅದು ನಿಮ್ಮ ಜೊತೆ ಬರಲ್ಲ.

ಇವತ್ತು ಅಪ್ಪನಿಗೆ ಫೋನ್ ಮಾಡಿ. "ಸಾಲ ಹೇಗೆ ನಡೀತಿದೆ" ಅಂತ ಕೇಳಬೇಡಿ, ನಡೀತಿದೆ ಅಂತಲೇ ಹೇಳುತ್ತಾರೆ. ಸ್ಟೇಟ್‌ಮೆಂಟ್ ತೆಗೆಸಿ ಫೋಟೋ ಕಳಿಸಿ ಅನ್ನಿ. ಕಂತಿನಲ್ಲಿ ನೀವು ಎಷ್ಟು ಕಳಿಸುತ್ತಿದ್ದೀರಿ, ಅವರು ಎಷ್ಟು ಸೇರಿಸುತ್ತಿದ್ದಾರೆ ಅಂತ ನೇರವಾಗಿ ಕೇಳಿ. ಬಾಕಿ ಎಷ್ಟು, ಬಡ್ಡಿ ದರ ಎಷ್ಟು, ಮುಂಗಡ ಕಟ್ಟಿದರೆ ದಂಡ ಇದೆಯಾ ಅನ್ನೋದನ್ನು ಇಲ್ಲೇ ಕೆಳಗೆ ಬರೆಯಿರಿ. ಎಷ್ಟು ಕಳಿಸಿದರೆ ಎಷ್ಟು ತಿಂಗಳು ಕಮ್ಮಿ ಆಗುತ್ತೆ ಅಂತ ನಾನು ಲೆಕ್ಕ ಹಾಕಿ ಕೊಡ್ತೀನಿ.