ಕಲಿಯೋಕೆ ಬಂದವರಿಗೂ ಮಾನಿಟರ್ ಮುಂದೆ ಒಂದು ಕುರ್ಚಿ ಹಾಕಿ

ಓದುಗರ ಪತ್ರ:

"ನಾನು ಚಿತ್ರದುರ್ಗದ ಕಡೆಯವಳು. ಬೆಂಗಳೂರಿನಲ್ಲಿ ವಿಷುಯಲ್ ಆರ್ಟ್ಸ್ ಡಿಗ್ರಿ ಮುಗಿಸಿ, ಜಾಹೀರಾತು ಚಿತ್ರ ಮಾಡುವ ಒಂದು ಪ್ರೊಡಕ್ಷನ್ ಹೌಸ್ ಸೇರಿ ಒಂದು ವರ್ಷ ಆಗುತ್ತಾ ಬಂತು. ಶೂಟ್‌ಗೆ ಯಾರು ಎಷ್ಟು ಹೊತ್ತಿಗೆ ಎಲ್ಲಿ ಬರಬೇಕು ಅಂತ ಬರೆದ ಕಾಲ್ ಶೀಟ್ ಕಳಿಸೋದು, ಕ್ಯಾಬ್ ಬುಕ್ ಮಾಡೋದು, ಊಟದ ಲೆಕ್ಕ ಬರೆಯೋದು, ಇಷ್ಟೇ ನನ್ನ ಕೆಲಸ. ಐಡಿಯಾ ಎಲ್ಲ ಜಾಹೀರಾತು ಏಜೆನ್ಸಿಯವರದ್ದು. ಶಾಟ್ ಹೇಗೆ ಬರ್ತಿದೆ ಅಂತ ನಿರ್ದೇಶಕರು ನೋಡುವ ಮಾನಿಟರ್ ಹತ್ತಿರ ನಿಂತರೆ 'ನಿನಗೇನಮ್ಮ ಇಲ್ಲಿ ಕೆಲಸ' ಅಂತಾರೆ. ಸಂಬಳ ಇಲ್ಲ, ಒಂದೊಂದು ಪ್ರಾಜೆಕ್ಟಿಗೂ ಬಿಲ್ ಕೊಡಬೇಕು. ದುಡ್ಡು ಬರೋಕೆ ಮೂರು ತಿಂಗಳು. ಮನೆಯಲ್ಲಿ ಯಾವುದಾದರೂ ಐಟಿ ಕಂಪನಿಯ ವಿಡಿಯೊ ವಿಭಾಗ ಸೇರು ಅಂತಿದ್ದಾರೆ. ಪ್ರೊಡಕ್ಷನ್‌ನಲ್ಲಿ ಸೃಜನಶೀಲತೆ ಅನ್ನೋದು ಇದೆಯಾ ಸರ್? ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ?"

– ಹೆಸರು ಹಾಕಬೇಡಿ ಎಂದಿರುವ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ಕೆಲಸ ಬಿಡಬೇಕಾ ಬೇಡವಾ ಎಂಬುದಕ್ಕೆ ಕೊನೆಗೆ ಬರುತ್ತೇನೆ. ಈ ಉತ್ತರದ ಅರ್ಧ ಭಾಗ ನಿಮಗೆ. ಇನ್ನರ್ಧ, ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ.

ಪ್ರೊಡಕ್ಷನ್‌ನಲ್ಲಿ ಸೃಜನಶೀಲತೆ ಇದೆಯಾ? ಇದೆ. ಏಜೆನ್ಸಿಯಲ್ಲಿ ಇರುವಷ್ಟೇ ಇದೆ, ಕೆಲವು ಸಲ ಜಾಸ್ತಿಯೇ ಇದೆ. 2009ರಲ್ಲಿ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತಲ್ಲ, ಆಗ ಟಿವಿಯಲ್ಲಿ ವೊಡಾಫೋನ್ ಜಾಹೀರಾತಿನ ಝೂಝೂ ಎಂಬ ಪಾತ್ರಗಳು ಬಂದವು. ನೀವಾಗ ಶಾಲೆಯಲ್ಲಿ ಇದ್ದಿರಬಹುದು. ಬಿಳಿ ಮೈ, ದಪ್ಪ ತಲೆ, ಸಣ್ಣ ಕೈಕಾಲು. ತುಂಬಾ ಜನ ಅದನ್ನು ಕಂಪ್ಯೂಟರ್ ಅನಿಮೇಷನ್ ಅಂತಲೇ ನಂಬಿದ್ದರು. ಆದರೆ ಒಳಗೆ ಇದ್ದವರು ಮನುಷ್ಯರು. ಸಣ್ಣ ಮೈಕಟ್ಟಿನ ಕಲಾವಿದರಿಗೆ ವೇಷ ತೊಡಿಸಿ ಕೇಪ್‌ಟೌನ್‌ನಲ್ಲಿ ಶೂಟ್ ಮಾಡಿದ್ದು. ನಗು, ಅಳು, ಗಾಬರಿ ಎಲ್ಲವನ್ನೂ ರಬ್ಬರಿನಲ್ಲಿ ಮಾಡಿ ಮುಖಕ್ಕೆ ಅಂಟಿಸುತ್ತಿದ್ದರು. ಪಾತ್ರಗಳು ಪುಟ್ಟದಾಗಿ ಕಾಣಲಿ ಅಂತ ಸೆಟ್‌ನ ಸಾಮಾನನ್ನೆಲ್ಲ ಬೇಕೆಂದೇ ದೊಡ್ಡದಾಗಿ ಮಾಡಿಸಿದ್ದರು. ಸೆಕೆಂಡಿಗೆ ಕಡಿಮೆ ಫ್ರೇಮ್ ಇಟ್ಟು ತೆಗೆದದ್ದರಿಂದ ನಡಿಗೆಗೆ ಆ ಚುರುಕು ಬಂತು. ಐಡಿಯಾ ಒಗಿಲ್ವಿ ಏಜೆನ್ಸಿಯದ್ದು. ತೆರೆಗೆ ತಂದವರು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನವರು, ನಿರ್ದೇಶಕ ಪ್ರಕಾಶ್ ವರ್ಮ. ರಬ್ಬರ್ ಮುಖ, ದೊಡ್ಡ ಸಾಮಾನು, ಫ್ರೇಮ್ ಲೆಕ್ಕ – ಇದರಲ್ಲಿ ಯಾವುದು ಐಡಿಯಾ, ಯಾವುದು ಬರೀ ತಯಾರಿ ಅಂತ ಬೇರೆ ಮಾಡಿ ಹೇಳಿ ನೋಡೋಣ. ಆಗಲ್ಲ.

ಇದು ದೊಡ್ಡವರ ಮಾತಾಯಿತು, ನನ್ನ ಮಟ್ಟದಲ್ಲಿ ಏನಿದೆ ಅನ್ನುತ್ತೀರಿ. ನಾನೇ ಕಂಡ ಒಂದು ಘಟನೆ ಹೇಳುತ್ತೇನೆ. ಬಸವನಗುಡಿಯ ಹಳೇ ಮನೆಯೊಂದರಲ್ಲಿ ಕಾಫಿ ಪುಡಿಯ ಜಾಹೀರಾತು ಶೂಟ್ ಇತ್ತು. ಒಂದೊಂದು ಶಾಟನ್ನೂ ಮುಂಚೆಯೇ ಬಿಡಿಸಿಟ್ಟ ಸ್ಟೋರಿಬೋರ್ಡ್ ಪ್ರಕಾರ ಅಮ್ಮ ಫಿಲ್ಟರ್‌ಗೆ ಬಿಸಿನೀರು ಹಾಕುತ್ತಾಳೆ, ಮುಂದಿನ ಶಾಟ್‌ನಲ್ಲೇ ಮಗನ ಕೈಗೆ ಲೋಟ ಕೊಡುತ್ತಾಳೆ. ಬೋರ್ಡ್ ಬರೆದವರು ಬೇರೆ ಊರಿನವರು. ಆರ್ಟ್ ವಿಭಾಗದಲ್ಲಿ ಹಾಸನದ ಒಬ್ಬ ಹುಡುಗಿ ಸಹಾಯಕಿಯಾಗಿದ್ದಳು. ಅವಳು ಮೆಲ್ಲಗೆ, "ಡಿಕಾಕ್ಷನ್ ಇಳಿಯೋಕೆ ಹೊತ್ತು ಬೇಕಲ್ವಾ ಸರ್? ನಮ್ಮ ಮನೇಲಿ ಇದನ್ನ ನೋಡಿದರೆ ನಗ್ತಾರೆ" ಅಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ನಿರ್ದೇಶಕರು ಅವಳನ್ನೇ "ಹಾಗಾದರೆ ಏನು ಮಾಡೋಣ?" ಅಂತ ಕೇಳಿದರು. ನೀರು ಹಾಕಿ ಮುಚ್ಚಳ ಮುಚ್ಚಿದ ಮೇಲೆ ಅಮ್ಮ ಹೊಸಿಲ ಮುಂದೆ ರಂಗೋಲಿ ಎಳೆಯುವ ಒಂದು ಶಾಟ್ ಇಡಿ, ಆಮೇಲೆ ಫಿಲ್ಟರ್‌ನ ಕೆಳಗಿನ ಪಾತ್ರೆ ತೆಗೆಯುವುದನ್ನು ತೋರಿಸಿ ಅಂದಳು. ಹಾಗೇ ಮಾಡಿದರು. ಇನ್ನೊಂದು ಫಿಲ್ಟರ್‌ನಲ್ಲಿ ಮುಂಚೆಯೇ ಡಿಕಾಕ್ಷನ್ ಇಳಿಸಿ ಇಟ್ಟಿದ್ದೂ ಅವಳೇ. ಕೊನೆಗೆ ಬಂದ ಚಿತ್ರದಲ್ಲಿ ಜೀವ ಇದ್ದದ್ದು ಆ ರಂಗೋಲಿಯ ಎರಡು ಸೆಕೆಂಡಿನಲ್ಲಿ.

ಆ ಹುಡುಗಿ ಜಾಣೆ, ನಿಜ. ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ನಿರ್ದೇಶಕರನ್ನು. "ನಿನಗೇನಮ್ಮ ಇಲ್ಲಿ ಕೆಲಸ" ಅನ್ನದೆ "ಏನು ಮಾಡೋಣ?" ಎಂದು ಕೇಳಿದರಲ್ಲ, ಪ್ರತಿಭೆ ಬೆಳೆಯುವುದು ಅಲ್ಲಿ. ಹೊಸಬರಿಗೆ ಅವಕಾಶ ಕೊಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಕೊಡುವುದು ಮಾತ್ರ ಓಡಾಟದ ಕೆಲಸ. ನಿರ್ಧಾರ ಆಗುವ ಜಾಗಕ್ಕೆ ಅವರನ್ನು ಕರೆಯುವುದೇ ಇಲ್ಲ. ಹತ್ತು ವರ್ಷ ಓಡಾಡಿದರೂ, ಒಂದು ಶಾಟ್ ಯಾಕೆ ಉಳಿಯಿತು, ಇನ್ನೊಂದು ಯಾಕೆ ಹೋಯಿತು ಅಂತ ಕೇಳಿಸಿಕೊಳ್ಳದಿದ್ದರೆ ಏನು ಕಲಿತಂತಾಯಿತು?

ಹಾಗಂತ ನಿಮ್ಮ ಓಡಾಟದ ಕೆಲಸವನ್ನು ಕೀಳಾಗಿ ನೋಡಬೇಡಿ. ಕಾಲ್ ಶೀಟ್ ಸುಮ್ನೆ ಒಂದು ಕಾಗದ ಅಲ್ಲ. ಅಡುಗೆಮನೆಯ ಕಿಟಕಿ ಪೂರ್ವಕ್ಕಿದ್ದರೆ ಆ ಬೆಳಕು ಬೆಳಿಗ್ಗೆ ಮಾತ್ರ ಸಿಗುತ್ತದೆ. ಮೊದಲು ಯಾವ ಶಾಟ್ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಚಿತ್ರದಲ್ಲಿ ಮಗು ಇದ್ದರೆ ಲೆಕ್ಕ ಇನ್ನೂ ಬಿಗಿ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವು ಕೊಡದೆ 3 ಗಂಟೆ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಸಂಭಾವನೆಯಲ್ಲಿ ಕಡೇಪಕ್ಷ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಜಾಹೀರಾತುಗಳಲ್ಲಿ ಮಕ್ಕಳಿಗೇ ದೊಡ್ಡವರ ವೇಷ ಹಾಕಿಸಿತ್ತಲ್ಲ, ಅಂಥ ಚಿತ್ರವನ್ನು ಇವತ್ತು ಈ ಗಡಿಯೊಳಗೆ ತೆಗೆಯಬೇಕು. ನಾಯಿ, ಹಸು ಏನೇ ಇದ್ದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮುಂಚೆಯೇ ಪಡೆಯಬೇಕು. ಇದೆಲ್ಲ ಗೊತ್ತಿರುವ ಸಹಾಯಕಿಯನ್ನು ಯಾವ ಫಸ್ಟ್ ಎಡಿಯೂ (ಸೆಟ್ ನಡೆಸುವ ಮೊದಲ ಸಹಾಯಕ ನಿರ್ದೇಶಕರು) ಬಿಟ್ಟುಕೊಡಲ್ಲ. ಊಟದ ಲೆಕ್ಕ ಬರೆಯುವಾಗ ಇಡೀ ಬಜೆಟ್ ಒಮ್ಮೆ ನೋಡಲು ಕೇಳಿ. ಕ್ರೇನ್ ಒಂದು ದಿನ ಜಾಸ್ತಿ ತರಿಸಲು ಯಾವುದನ್ನು ಬಿಟ್ಟರು ಅಂತ ಅಲ್ಲಿ ಕಾಣುತ್ತದೆ. ಪ್ರೊಡ್ಯೂಸರ್ ಆಗುವವರ ಪಾಠ ಅದೇ.

ಈಗ ಹಿರಿಯರ ಕಡೆ ತಿರುಗುತ್ತೇನೆ.

ಬೆಂಗಳೂರಿಗೆ ಈ ವಿಷಯದಲ್ಲಿ ಒಳ್ಳೇ ಪರಂಪರೆ ಇದೆ. ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮೈಸೂರಿನ ವಿ.ಕೆ. ಮೂರ್ತಿ ಮುಂಬೈಗೆ ಹೋದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಅದೇ ಪಾಲಿಟೆಕ್ನಿಕ್‌ನಿಂದ 1962ರಲ್ಲಿ ಹೊರಬಂದ, ಮುಂದೆ ನಿರ್ದೇಶಕರೂ ಆದ ಗೋವಿಂದ್ ನಿಹಲಾನಿ, ಮೂರ್ತಿಯವರ ಕೈಕೆಳಗೆ ಸಹಾಯಕರಾಗಿ ಪಳಗಿದರು. ಆಮೇಲೆ ನಿರ್ದೇಶಕ ಶ್ಯಾಮ್ ಬೆನಗಲ್ ಜೊತೆ ಜಾಹೀರಾತು ಚಿತ್ರಗಳಿಗೂ ಕ್ಯಾಮೆರಾ ಹಿಡಿದರು. ಬೆನಗಲ್ ಕೂಡ ಜಾಹೀರಾತು ಏಜೆನ್ಸಿಯಲ್ಲಿ ಕಾಪಿ, ಅಂದರೆ ಜಾಹೀರಾತಿನ ಮಾತುಗಳನ್ನು, ಬರೆಯುತ್ತಲೇ ಶುರು ಮಾಡಿದವರು. ಒಬ್ಬರು ಇನ್ನೊಬ್ಬರನ್ನು ಹತ್ತಿರ ನಿಲ್ಲಿಸಿಕೊಂಡು ಕಲಿಸಿದ್ದರಿಂದ ಈ ಸಾಲು ಬೆಳೆಯಿತು. ಲೈಟ್ ಯಾಕೆ ಅಲ್ಲಿಟ್ಟೆ ಅಂತ ಬಾಯಿಬಿಟ್ಟು ಹೇಳುವ ಹಿರಿಯರು ಇದ್ದರೆ ಮಾತ್ರ ಹಾಗೆ ಕಲಿಯೋಕೆ ಆಗುತ್ತದೆ.

ಎಐ ಬಂದ ಮೇಲೆ ಈ ಜವಾಬ್ದಾರಿ ಇನ್ನೂ ಹೆಚ್ಚಾಗಿದೆ. ಸ್ಟೋರಿಬೋರ್ಡ್ ಬಿಡಿಸುವುದು, ರೆಫರೆನ್ಸ್ ಹುಡುಕುವುದು, ಅಲ್ಲಿ ಇಲ್ಲಿಂದ ತುಣುಕು ಆಯ್ದು ಮೂಡ್ ವಿಡಿಯೊ ಜೋಡಿಸುವುದು – ಇವೆಲ್ಲ ಹೊಸಬರ ಕೆಲಸಗಳಾಗಿದ್ದವು. ಬೇಸರದ ಕೆಲಸವೇ. ಆದರೆ ನೂರು ಶಾಟ್ ಹುಡುಕುವಾಗ ಕಣ್ಣು ಪಳಗುತ್ತಿತ್ತು. ಈಗ ಅದನ್ನು ಯಂತ್ರ ಮಧ್ಯಾಹ್ನದೊಳಗೆ ಮಾಡಿ ಕೊಡುತ್ತದೆ. ಕಂಪನಿಗೆ ದುಡ್ಡು ಉಳಿಯಿತು, ಏಣಿಯ ಕೆಳಗಿನ ಮೆಟ್ಟಿಲು ಹೋಯಿತು. ಹತ್ತು ವರ್ಷ ಬಿಟ್ಟು ನಿಮ್ಮ ಜಾಗದಲ್ಲಿ ಕೂರುವವರು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಪ್ರೊಡಕ್ಷನ್ ಹೌಸ್ ನಡೆಸುವ ಪ್ರತಿಯೊಬ್ಬರೂ ಇವತ್ತೇ ಕೇಳಿಕೊಳ್ಳಬೇಕು. ಮೊದಲು ಕೆಲಸದ ಜೊತೆ ತಾನಾಗಿ ಬರುತ್ತಿದ್ದ ಕಲಿಕೆಗೆ ಈಗ ಬೇಕೆಂದೇ ಜಾಗ ಮಾಡಿಕೊಡಬೇಕು.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಶೂಟ್‌ಗೆ ಮುಂಚೆ ಕ್ಲೈಂಟ್, ಏಜೆನ್ಸಿ, ನಿರ್ದೇಶಕರು ಕೂರುವ ಪ್ರೀ-ಪ್ರೊಡಕ್ಷನ್ ಮೀಟಿಂಗ್, ಅಂದರೆ ಪಿಪಿಎಂನಲ್ಲಿ ಕಲಿಯುವವರಿಗೆ ಒಂದು ಕುರ್ಚಿ ಹಾಕಿ. ಅವರು ಮಾತಾಡದಿದ್ದರೂ ಪರವಾಗಿಲ್ಲ, ಕೇಳಿಸಿಕೊಳ್ಳಲಿ. ಸೆಟ್‌ನಲ್ಲಿ ಮಾನಿಟರ್ ಮುಂದೆ ಒಂದು ಕುರ್ಚಿ ಹಾಕಿ. ಎಡಿಟ್ ನಡೆಯುವಾಗ ಒಂದು ದಿನ ಅಲ್ಲಿ ಕೂರಿಸಿ. ಒಂದು ನಿಮಿಷದ ಚಿತ್ರವನ್ನು 30 ಸೆಕೆಂಡಿಗೆ, ಆಮೇಲೆ 10 ಸೆಕೆಂಡಿಗೆ ಇಳಿಸುವುದನ್ನು ನೋಡಿದವರಿಗೆ ಕಥೆ ಹೇಳುವುದು ಅಂದರೇನು ಅಂತ ಗೊತ್ತಾಗುತ್ತದೆ. 6 ಸೆಕೆಂಡಿನ ಡಿಜಿಟಲ್ ತುಣುಕುಗಳನ್ನು ಹೊಸಬರ ಕೈಗೇ ಕೊಟ್ಟು ನೋಡಿ. ತಪ್ಪಾದರೆ ತಿದ್ದಿ. ಶೂಟ್ ಮುಗಿದ ಮಾರನೇ ದಿನ ಅರ್ಧ ಗಂಟೆ ಕೂತು, ನಿನಗೇನು ಅನ್ನಿಸಿತು ಅಂತ ಕೇಳಿ. ಇದಿಷ್ಟು ಮಾಡುವ ಹಿರಿಯರು ನಮ್ಮೂರಿನಲ್ಲಿ ಇದ್ದಾರೆ. ಅವರ ಹತ್ತಿರ ಕಲಿತವರನ್ನು ಮಾತಿನಲ್ಲೇ ಗುರುತಿಸಬಹುದು.

ನಿರ್ದೇಶಕರಾಗಲು ಹೊರಟವರಿಗೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಒಂದು ಜಾಹೀರಾತಿಗೆ ಸಾಮಾನ್ಯವಾಗಿ ಮೂವರು ನಿರ್ದೇಶಕರಿಂದ ಬಿಡ್ ಕೇಳುತ್ತಾರೆ, ಅಂದರೆ ಹೇಗೆ ಮಾಡುತ್ತೀರಿ, ಎಷ್ಟಾಗುತ್ತದೆ ಅಂತ. ಮೂವರೂ ಮೊದಲೇ ಹೆಸರು ಮಾಡಿದವರೇ ಆಗಿರುತ್ತಾರೆ. ಹಿಂದೆ ಮಾಡಿದ ಕೆಲಸ ತೋರಿಸುವ ರೀಲ್ ಇಲ್ಲದೆ ಬಿಡ್ ಸಿಗಲ್ಲ, ಬಿಡ್ ಸಿಗದೆ ರೀಲ್ ಆಗಲ್ಲ. 2016ರಲ್ಲಿ ಅಮೆರಿಕದ ನಿರ್ದೇಶಕಿ ಆಲ್ಮಾ ಹರೇಲ್ 'ಫ್ರೀ ದಿ ಬಿಡ್' ಎಂಬ ಅಭಿಯಾನ ಶುರು ಮಾಡಿದರು. ಪ್ರತಿ ಬಿಡ್‌ನಲ್ಲೂ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು ಎಂಬುದು ಬೇಡಿಕೆ. ಕೆಲಸ ಅವರಿಗೇ ಕೊಡಿ ಅಂತಲ್ಲ, ಕೇಳುವ ಮೂವರಲ್ಲಿ ಒಬ್ಬರಾಗಿ ಸೇರಿಸಿ ಅಂತ. ಇಲ್ಲಿನ ಬ್ರ್ಯಾಂಡ್‌ಗಳೂ ಏಜೆನ್ಸಿಗಳೂ ಮೂರನೇ ಬಿಡ್ ಅನ್ನು ಹೊಸಬರಿಗೆ ಮೀಸಲಿಟ್ಟರೆ ಏನು ಕಷ್ಟ? ಅದರಲ್ಲೂ ಕರ್ನಾಟಕಕ್ಕೆ ಅಂತಲೇ ಮಾಡುವ ಜಾಹೀರಾತುಗಳಿಗೆ ಚಿತ್ರದುರ್ಗದಿಂದ, ರಾಯಚೂರಿನಿಂದ ಬಂದವರ ಕಣ್ಣು ಬೇಕೇ ಬೇಕು.

ದುಡ್ಡಿನ ವಿಷಯ. ಕಲಿಸುತ್ತೇವೆ ಎಂಬ ನೆಪದಲ್ಲಿ ಬಿಟ್ಟಿ ದುಡಿಸುವುದು ತಪ್ಪು. ಬಾಡಿಗೆಗೆ ಅಪ್ಪನ ಹತ್ತಿರ ಕೇಳಬಲ್ಲ ಮಕ್ಕಳಷ್ಟೇ ಆಗ ಈ ಕೆಲಸದಲ್ಲಿ ಉಳಿಯುತ್ತಾರೆ. ಉಳಿದವರ ಪ್ರತಿಭೆ ಪಿಜಿ ಬಾಡಿಗೆಯಲ್ಲೇ ಮುಗಿದುಹೋಗುತ್ತದೆ. ನೀವು ಬಿಲ್ ಕೊಟ್ಟು ಕೆಲಸ ಮಾಡುವವರಾದ್ದರಿಂದ ಒಂದು ದಾರಿ ಇದೆ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ದುಡ್ಡು ಕೊಡಬೇಕಿಲ್ಲ. ಸೇವೆ ಕೊಡುವವರೂ ಅಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಹಾಗೆ ನೋಂದಾಯಿಸಿದವರಿಗೆ ಹಣ ಕೊಡಲು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮುಂದಿನ ಬಿಲ್‌ನಲ್ಲಿ ಆ ನೋಂದಣಿ ಸಂಖ್ಯೆ ಹಾಕಿ. ಜಗಳ ಮಾಡಬೇಕಾಗಿಲ್ಲ. ಅಕೌಂಟ್ಸ್ ವಿಭಾಗದವರಿಗೆ ಅದರ ಅರ್ಥ ಗೊತ್ತಿರುತ್ತದೆ.

ಇನ್ನು, ಇರಬೇಕಾ ಹೋಗಬೇಕಾ. ಐಟಿ ಕಂಪನಿಯ ವಿಡಿಯೊ ವಿಭಾಗವನ್ನು ನಾನು ತಳ್ಳಿಹಾಕಲ್ಲ. ತಿಂಗಳ ಸಂಬಳ ಸಿಗುತ್ತದೆ. ಸಣ್ಣ ತಂಡವಾದರೆ ಶೂಟ್, ಎಡಿಟ್, ಸೌಂಡ್ ಎಲ್ಲದಕ್ಕೂ ಕೈ ಹಾಕಬಹುದು. ಅಲ್ಲಿ ಎರಡು ವರ್ಷ ಇದ್ದು, ತಮ್ಮದೇ ರೀಲ್ ಕಟ್ಟಿಕೊಂಡು ಜಾಹೀರಾತಿಗೆ ಮರಳಿದರೆ ಅದರಲ್ಲಿ ಅವಮಾನ ಏನಿಲ್ಲ, ಮನೆಯವರಿಗೂ ನೆಮ್ಮದಿ. ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಬೇಜಾರಾಗಿರುವುದು ಕೆಲಸದ ಮೇಲೆ ಅಂತ ಅನ್ನಿಸಲಿಲ್ಲ. ಮಾನಿಟರ್ ಹತ್ತಿರ ನಿಲ್ಲಬೇಕು ಅಂತ ಈಗಲೂ ಆಸೆ ಇದೆ ಅಲ್ವಾ?

ಹಾಗಿದ್ದರೆ ಇಷ್ಟು ಮಾಡಿ. ನಿಮ್ಮ ಪ್ರೊಡ್ಯೂಸರ್‌ಗೆ ನೇರವಾಗಿ ಕೇಳಿ: "ಮುಂದಿನ ಪ್ರಾಜೆಕ್ಟ್‌ನ ಪಿಪಿಎಂನಲ್ಲಿ ಕೂರಲು ಬಿಡಿ. ಒಂದು ದಿನ ಎಡಿಟ್‌ಗೆ ಬರುತ್ತೇನೆ. ನನ್ನ ಕೆಲಸಕ್ಕೆ ತೊಂದರೆ ಆಗದಂತೆ ನೋಡಿಕೊಳ್ಳುತ್ತೇನೆ." ಜೊತೆಗೆ ನಿಮ್ಮ ಊರಿನ ಯಾವುದಾದರೂ ಅಂಗಡಿಗೋ, ಎಣ್ಣೆ ಗಾಣಕ್ಕೋ 30 ಸೆಕೆಂಡಿನ ಒಂದು ಚಿತ್ರ ಫೋನಿನಲ್ಲೇ ಮಾಡಿ, ಪ್ರೊಡ್ಯೂಸರ್ ಕೈಗೆ ಕೊಡಿ. ನೀವು ಕೇಳಿದ್ದಕ್ಕೆ ಅವರು ಒಪ್ಪಿದರೆ ಇನ್ನೊಂದು ವರ್ಷ ಅಲ್ಲೇ ಇರಿ. ಎರಡು ಪ್ರಾಜೆಕ್ಟ್ ಕಳೆದರೂ ಬಾಗಿಲು ತೆಗೆಯದಿದ್ದರೆ ಆ ಕಂಪನಿ ಬಿಡಿ, ಈ ಕೆಲಸವನ್ನು ಬಿಡಬೇಡಿ. ಬಿಡುವ ಮುಂಚೆ ಬಾಕಿ ಬಿಲ್‌ಗಳನ್ನೆಲ್ಲ ವಸೂಲಿ ಮಾಡಿಕೊಳ್ಳಿ. ದುಡಿದ ಚಿತ್ರಗಳಲ್ಲಿ ನಿಮ್ಮ ಪಾತ್ರ ಏನಿತ್ತು ಅಂತ ಒಂದು ಪತ್ರವನ್ನೂ ಬರೆಸಿಕೊಳ್ಳಿ.